ಅಕ್ಕಿಯ ಸತ್ವ ಕುಗ್ಗುತ್ತಿದೆಯಾ? ಶಿರಾದ ಓದುಗರೊಬ್ಬರ ಪ್ರಶ್ನೆಗೆ ಪೋಷಣಾ ತಜ್ಞೆಯ ಉತ್ತರ

ಪ್ರಶ್ನೆ: ನಾವು ಶಿರಾ ತಾಲೂಕಿನವರು. ಮೂರು ಎಕರೆ ಖುಷ್ಕಿ ಹೊಲ ಇದೆ. ಕಡಲೆಕಾಯಿ, ಸ್ವಲ್ಪ ರಾಗಿ ಬೆಳೆಯುತ್ತೇವೆ. ಮಗಳು ಸರ್ಕಾರಿ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಶಾಲೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಹಿಮೋಗ್ಲೋಬಿನ್ 9.6 ಬಂತು. ಅತ್ತೆಗೆ ಸಕ್ಕರೆ ಕಾಯಿಲೆ. ಗಾಳಿ ಕೆಡುತ್ತಿರುವುದರಿಂದ ಇನ್ನು ಮುಂದೆ ಅಕ್ಕಿಯಲ್ಲಿ ಸತ್ವವೇ ಇರುವುದಿಲ್ಲ ಅಂತ ಪತ್ರಿಕೆಯಲ್ಲಿ ಓದಿದೆ. ರೇಷನ್ ಅಕ್ಕಿಯಲ್ಲಿ ಪ್ಲಾಸ್ಟಿಕ್ ಕಾಳು ಬೆರೆಸುತ್ತಾರೆ ಅನ್ನೋ ವಿಡಿಯೊ ನೋಡಿ, ಅದನ್ನು ಬಿಟ್ಟು ಅಂಗಡಿಯ ಬಿಳೀ ಸೋನಾ ಮಸೂರಿ ತರೋಣ ಅನ್ನುತ್ತಾರೆ ಮನೆಯವರು. ಹೈಬ್ರಿಡ್ ಬಂದಮೇಲೆ ಎಲ್ಲ ಹಾಳಾಯಿತು, ಮುದ್ದೆ ತಿಂದರೆ ಯಾವ ಕಾಯಿಲೆಯೂ ಇಲ್ಲ ಅನ್ನುವುದು ಅತ್ತೆಯ ಮಾತು. ಪರಿಚಯದವರೊಬ್ಬರು 4,500 ರೂಪಾಯಿಯ ಸಿರಿಧಾನ್ಯ ಕಿಟ್ ತಗೊಳ್ಳಿ, ಶುಗರ್ ಮಾತ್ರೆ ಬಿಡಬಹುದು ಅನ್ನುತ್ತಿದ್ದಾರೆ. ಇನ್ನೊಂದು ವಿಷಯ. ಈ ಸಲ ಕಡಲೆಕಾಯಿ ಕಿತ್ತ ವಾರವೇ ಮಳೆ ಹಿಡಿಯಿತು. ಒಳ್ಳೆ ಕಾಯಿ ಮಾರಿದೆವು. ಸ್ವಲ್ಪ ಕಪ್ಪಾದ, ಬೂಷ್ಟು ಹಿಡಿದ ಕಾಯಿಯನ್ನು ಮನೆ ಚಟ್ನಿಗೆ, ಎಣ್ಣೆಗೆ ಇಟ್ಟುಕೊಂಡಿದ್ದೇವೆ. ಹುರಿದರೆ ಸರಿಹೋಗುತ್ತದೆ ಅಲ್ವಾ? ನಮ್ಮ ಮಕ್ಕಳ ಕಾಲಕ್ಕೆ ಊಟದಲ್ಲಿ ಏನು ಉಳಿದಿರುತ್ತದೆ ಅನ್ನುವುದೇ ನನ್ನ ಭಯ.

ಉತ್ತರ:

ನಿಮ್ಮ ಪತ್ರದಲ್ಲಿ ಕೊನೆಗೆ ಬಂದ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ, ಅದು ಕಾಯುವಂಥದ್ದಲ್ಲ. ಬೂಷ್ಟು ಹಿಡಿದ ಆ ಕಡಲೆಕಾಯಿಯನ್ನು ಇವತ್ತೇ ಅಡುಗೆಮನೆಯಿಂದ ಹೊರಗೆ ಹಾಕಿ. ಚಟ್ನಿಗೂ ಬೇಡ, ಎಣ್ಣೆಗೂ ಬೇಡ, ಹಸುವಿಗೂ ಕೋಳಿಗೂ ಬೇಡ. ಹುರಿದರೆ ಸರಿಹೋಗುವುದಿಲ್ಲ. ಯಾಕೆ ಅಂತ ಮುಂದೆ ಬಿಡಿಸಿ ಹೇಳುತ್ತೇನೆ.

ಇನ್ನು ಅಕ್ಕಿಯ ವಿಷಯ. ನೀವು ಓದಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತು. ಕಾರ್ಖಾನೆ, ವಾಹನಗಳು ಹೆಚ್ಚುವ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಪಾಲು ಇಂಗಾಲದ ಡೈಆಕ್ಸೈಡ್ ಇತ್ತು. ಈಗ ಅದು 420 ದಾಟಿದೆ. ಹೀಗೇ ಹೋದರೆ ಈ ಶತಮಾನದ ನಡುವಿನ ಹೊತ್ತಿಗೆ 550ರ ಆಸುಪಾಸು ಮುಟ್ಟಬಹುದು. ಆಗ ಬೆಳೆ ಹೇಗಿರುತ್ತದೆ ಅಂತ ನೋಡಲು ವಿಜ್ಞಾನಿಗಳು ಬಯಲು ಗದ್ದೆಯಲ್ಲೇ ಪ್ರಯೋಗ ಮಾಡಿದ್ದಾರೆ. ಪೈರಿನ ಸುತ್ತ ಕೊಳವೆ ಹಾಕಿ, ಆ ಮಟ್ಟಕ್ಕೆ ಅನಿಲ ಬಿಟ್ಟು, ಬೆಳೆದ ಕಾಳನ್ನು ಪರೀಕ್ಷಿಸುತ್ತಾರೆ. ಚೀನಾ ಮತ್ತು ಜಪಾನಿನಲ್ಲಿ 18 ಭತ್ತದ ತಳಿಗಳ ಮೇಲೆ ಹೀಗೆ ಮಾಡಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಸರಾಸರಿ ಲೆಕ್ಕದಲ್ಲಿ ಪ್ರೋಟೀನು ಸುಮಾರು ಶೇ. 10, ಕಬ್ಬಿಣ ಶೇ. 8, ಸತು (ಜಿಂಕ್) ಶೇ. 5 ಕಡಿಮೆ ಬಂತು. ಜೀವಸತ್ವ (ವಿಟಮಿನ್) ಬಿ1 ಶೇ. 17, ರಕ್ತ ಕಟ್ಟಲು ಬೇಕಾದ ಫೋಲೇಟ್ ಅನ್ನುವ ಇನ್ನೊಂದು ಬಿ ಜೀವಸತ್ವ ಶೇ. 30 ಇಳಿಯಿತು. ಗೋಧಿಯಲ್ಲೂ ಇದೇ ಕಥೆ ಅಂತ 2014ರಲ್ಲೇ ಗೊತ್ತಾಗಿತ್ತು.

ಕಾರಣ ತುಂಬ ಕಷ್ಟದ್ದೇನಲ್ಲ. ಇಂಗಾಲ ಜಾಸ್ತಿ ಸಿಕ್ಕರೆ ಭತ್ತದ ಪೈರು ಜಾಸ್ತಿ ಪಿಷ್ಟ ಕಟ್ಟುತ್ತದೆ. ಮಣ್ಣಿನಿಂದ ಬರುವ ಸತು, ಕಬ್ಬಿಣ, ಸಾರಜನಕ ಮಾತ್ರ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ನೆಂಟರು ಬಂದರು ಅಂತ ಸಾರಿಗೆ ನೀರು ಬೆರೆಸಿದ ಹಾಗೆ, ಪಾತ್ರೆ ತುಂಬುತ್ತದೆ, ಬೇಳೆ ಇದ್ದಷ್ಟೇ ಇರುತ್ತದೆ. ಜೊತೆಗೆ, ಇಂಗಾಲ ಧಾರಾಳವಾಗಿ ಸಿಗುವಾಗ ಎಲೆಯ ರಂಧ್ರಗಳು ಪೂರ್ತಿ ತೆರೆಯುವುದಿಲ್ಲ. ಗಿಡ ಕಡಿಮೆ ನೀರು ಎಳೆಯುತ್ತದೆ. ನೀರಿನ ಜೊತೆ ಮೇಲೆ ಬರುವ ಲವಣಗಳೂ ಕಡಿಮೆಯಾಗುತ್ತವೆ.

ಈಗ ಇದನ್ನು ನಿಮ್ಮ ಮಗಳ ತಟ್ಟೆಗೆ ತಂದು ನೋಡೋಣ. ಅವಳು ದಿನಕ್ಕೆ 250 ಗ್ರಾಂ ಅಕ್ಕಿಯ ಅನ್ನ ತಿನ್ನುತ್ತಾಳೆ ಅಂತ ಇಟ್ಟುಕೊಳ್ಳಿ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅಷ್ಟಕ್ಕೆ ಸಿಗುವ ಕಬ್ಬಿಣ ಸುಮಾರು 1.6 ಮಿಲಿಗ್ರಾಂ. ಅವಳ ವಯಸ್ಸಿನ ಹುಡುಗಿಗೆ ದಿನಕ್ಕೆ ಬೇಕಾದದ್ದು 30 ಮಿಲಿಗ್ರಾಂ. ಆ 1.6ರಲ್ಲಿ ಶೇ. 8 ಹೋದರೆ ಕಳೆಯುವುದು 0.13 ಮಿಲಿಗ್ರಾಂ. ಅಂದರೆ ಅನ್ನ ಮೊದಲಿನಿಂದಲೂ ಅವಳಿಗೆ ಕಬ್ಬಿಣ ಕೊಡುವ ಆಹಾರ ಆಗಿರಲೇ ಇಲ್ಲ. ಪ್ರೋಟೀನಿನ ಲೆಕ್ಕ ಸ್ವಲ್ಪ ಬೇರೆ. 250 ಗ್ರಾಂ ಅಕ್ಕಿಯಲ್ಲಿ ಸುಮಾರು 20 ಗ್ರಾಂ ಪ್ರೋಟೀನು ಇದೆ. ಶೇ. 10 ಹೋದರೆ 2 ಗ್ರಾಂ. ಅಷ್ಟನ್ನು ತುಂಬಿಕೊಡಲು ದಿನಕ್ಕೆ ಒಂದು ಊಟದ ಚಮಚದಷ್ಟು ತೊಗರಿಬೇಳೆ ಸಾಕು.

ಹಾಗಾದರೆ ವಿಜ್ಞಾನಿಗಳು ಸುಮ್ನೆ ಗಾಬರಿ ಹುಟ್ಟಿಸುತ್ತಿದ್ದಾರಾ? ಇಲ್ಲ. ಆ ಒಂದು ಚಮಚ ಬೇಳೆ ಇಲ್ಲದ ಮನೆಗಳ ಬಗ್ಗೆ ಅವರು ಮಾತಾಡುತ್ತಿದ್ದಾರೆ. ಬಾಂಗ್ಲಾದೇಶ, ಕಾಂಬೋಡಿಯಾ, ಮಡಗಾಸ್ಕರ್‌ನಂಥ ದೇಶಗಳಲ್ಲಿ ಕೋಟ್ಯಂತರ ಜನರ ದಿನದ ಶಕ್ತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಅನ್ನದಿಂದಲೇ. ಅನ್ನ ಬಿಟ್ಟರೆ ಬೇರೆ ಇಲ್ಲದವರಿಗೆ ಅನ್ನದಲ್ಲಿ ಶೇ. 5 ಸತು ಕಡಿಮೆಯಾದರೂ ಏಟು ಬೀಳುತ್ತದೆ. ಸತು ಕಡಿಮೆಯಾದ ಮಗು ಎತ್ತರ ಬೆಳೆಯುವುದು ನಿಧಾನ, ಅದಕ್ಕೆ ಭೇದಿಯೂ ನ್ಯುಮೋನಿಯಾವೂ ಬೇಗ ಹಿಡಿಯುತ್ತವೆ. 2018ರಲ್ಲೇ ಬಂದ ಇನ್ನೊಂದು ಅಂದಾಜಿನ ಪ್ರಕಾರ, 2050ರ ಹೊತ್ತಿಗೆ ಜಗತ್ತಿನಲ್ಲಿ ಇನ್ನೂ 17.5 ಕೋಟಿ ಜನ ಸತುವಿನ ಕೊರತೆಗೆ ಬೀಳಬಹುದು. ಅದರಲ್ಲಿ ಸುಮಾರು 5 ಕೋಟಿ ಜನ ನಮ್ಮ ದೇಶದವರೇ. ನಮ್ಮಲ್ಲಿ ಈಗಾಗಲೇ ಅಂಚಿನಲ್ಲಿರುವವರು ಅಷ್ಟು ಜನ ಇದ್ದಾರೆ ಅನ್ನುವುದೇ ಇದಕ್ಕೆ ಕಾರಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಹೆಂಗಸರಲ್ಲಿ ಶೇ. 57 ಜನರಿಗೆ ರಕ್ತಹೀನತೆ ಕಂಡುಬಂತು. ಇದು ಮುಂದಿನ ಕಾಲದ ಅಕ್ಕಿಯಿಂದ ಆದದ್ದಲ್ಲ, ಇವತ್ತಿನ ತಟ್ಟೆಯಿಂದ ಆದದ್ದು.

ಪಾಲಿಶ್, ಪ್ಲಾಸ್ಟಿಕ್, ಹೈಬ್ರಿಡ್

ನಿಮ್ಮ ಮನೆಯವರು ತರೋಣ ಅನ್ನುವ ಬಿಳೀ ಸೋನಾ ಮಸೂರಿ ನೋಡಲು ಚೆಂದ, ಉದುರುದುರಾಗಿ ಆಗುತ್ತದೆ. ಆದರೆ ಅದನ್ನು ಅಷ್ಟು ಬೆಳ್ಳಗೆ ಮಾಡುವಾಗ ಗಿರಣಿಯಲ್ಲಿ ಏನಾಗುತ್ತದೆ ನೋಡಿ. ತೌಡು ತೆಗೆಯದ ಅಕ್ಕಿಯಲ್ಲಿ 100 ಗ್ರಾಂಗೆ ಸುಮಾರು 0.27 ಮಿಲಿಗ್ರಾಂ ಬಿ1 ಇದ್ದರೆ, ಪಾಲಿಶ್ ಅಕ್ಕಿಯಲ್ಲಿ ಉಳಿಯುವುದು 0.05. ಐದರಲ್ಲಿ ನಾಲ್ಕು ಪಾಲು ತೌಡಿನ ಜೊತೆ ಹೊರಗೆ ಹೋಯಿತು. ಹವಾಮಾನ ಬದಲಾಗಿ ಶೇ. 17 ಹೋಗುತ್ತದೆ ಅಂತ ಭಯಪಡುವ ನಾವು, ದುಡ್ಡು ಕೊಟ್ಟು ಶೇ. 80 ಕಳೆದುಕೊಂಡು ಬರುತ್ತಿದ್ದೇವೆ. ಇದು ಹೊಸ ವಿಷಯವೂ ಅಲ್ಲ. ಜಾವಾ ದ್ವೀಪದಲ್ಲಿ 1890ರ ದಶಕದಲ್ಲಿ ಐಕ್‌ಮನ್ ಎಂಬ ಡಚ್ ವೈದ್ಯರು ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋತುಹೋಗುವುದನ್ನು ಗಮನಿಸಿದರು. ತೌಡು ಇರುವ ಅಕ್ಕಿ ಕೊಟ್ಟಾಗ ಅವು ಚೇತರಿಸಿಕೊಂಡವು. ಬಿ1 ಕೊರತೆಯಿಂದ ನರ, ಕಾಲು ಸೋಲುವ ಬೆರಿಬೆರಿ ಕಾಯಿಲೆಯ ಗುಟ್ಟು ಬಯಲಾದದ್ದು ಹಾಗೆ. ಆ ಕೆಲಸಕ್ಕೆ 1929ರಲ್ಲಿ ಅವರಿಗೆ ನೊಬೆಲ್ ಬಂತು.

ಪೂರ್ತಿ ಪಾಲಿಶ್ ಬಿಟ್ಟ ಅಕ್ಕಿ ಎಲ್ಲರ ಬಾಯಿಗೂ ಹಿಡಿಸುವುದಿಲ್ಲ. ಬೇಯಲು ಹೊತ್ತು ಬೇಕು, ಗ್ಯಾಸೂ ಖರ್ಚು, ತೌಡಿನಲ್ಲಿ ಎಣ್ಣೆ ಇರುವುದರಿಂದ ಬೇಗ ಕಮಟು ವಾಸನೆ ಬರುತ್ತದೆ. ಒಂದು ನಡುದಾರಿ ಇದೆ. ಅದು ಕುಸುಬಲಕ್ಕಿ, ಕರಾವಳಿಯವರು ಕುಚ್ಚಲಕ್ಕಿ ಅನ್ನುವುದು. ಭತ್ತವನ್ನು ಬೇಯಿಸಿ ಒಣಗಿಸುವಾಗ ಹೊರಪದರದ ಬಿ ಜೀವಸತ್ವಗಳು ಕಾಳಿನ ಒಳಕ್ಕೆ ಇಳಿಯುತ್ತವೆ. ಆಮೇಲೆ ಪಾಲಿಶ್ ಮಾಡಿದರೂ ಬೆಳ್ತಿಗೆ ಅಕ್ಕಿಗಿಂತ (ಭತ್ತ ಬೇಯಿಸದೆ ಮಾಡಿದ ಅಕ್ಕಿ) ಜಾಸ್ತಿ ಉಳಿಯುತ್ತವೆ. ಯಾವ ಅಕ್ಕಿಯೇ ಆಗಲಿ ನಾಲ್ಕೈದು ಸಲ ಉಜ್ಜಿ ತೊಳೆಯಬೇಡಿ. ಗಂಜಿ ಬಸಿದರೆ ಚೆಲ್ಲದೆ ಸಾರಿಗೆ ಬಳಸಿ.

ಪ್ಲಾಸ್ಟಿಕ್ ಅಕ್ಕಿ ಅನ್ನುವುದು ಇಲ್ಲ. ಸುಟ್ಟರೆ ಪ್ಲಾಸ್ಟಿಕ್ ಕರಗಿ ಹನಿಯುತ್ತದೆ, ಅಕ್ಕಿ ಕರಿದಾಗಿ ಇದ್ದಿಲಾಗುತ್ತದೆ. ಅನ್ನವನ್ನು ಉಂಡೆ ಕಟ್ಟಿ ಎಸೆದರೆ ಪುಟಿಯುವುದು ಪಿಷ್ಟದ ಅಂಟಿನಿಂದ. ನಿಮ್ಮ ಮನೆಯವರು ನೋಡಿರುವ ಬೇರೆ ಥರದ ಕಾಳು ಮಾತ್ರ ನಿಜ. ಅದು ಸಾರವರ್ಧಿತ ಅಕ್ಕಿಯ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ, ಯಂತ್ರದಲ್ಲಿ ಒತ್ತಿ, ಅಕ್ಕಿಯ ಆಕಾರಕ್ಕೆ ತರುತ್ತಾರೆ. ನೂರು ಕಾಳಿಗೆ ಒಂದರಂತೆ ಮಾಮೂಲಿ ಅಕ್ಕಿಯಲ್ಲಿ ಬೆರೆಸುತ್ತಾರೆ. ಬಣ್ಣ ಸ್ವಲ್ಪ ಮಂಕು, ತೂಕ ಹಗುರ, ತೊಳೆಯುವಾಗ ಕೆಲವು ಕಾಳು ತೇಲುತ್ತವೆ. ನಮ್ಮ ಹೆಣ್ಣುಮಕ್ಕಳು ಹುಳುಕು ಅಂತಲೋ ಪ್ಲಾಸ್ಟಿಕ್ ಅಂತಲೋ ಅದನ್ನೇ ಆರಿಸಿ ಆಚೆ ಎಸೆಯುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಚೀಲದ ಮೇಲೆ '+ಎಫ್' ಗುರುತಿದ್ದರೆ ಆ ಕಾಳು ಇರುವುದು ಸಹಜ. ನಿಯಮದ ಪ್ರಕಾರ ಅಂಥ ಅಕ್ಕಿಯಲ್ಲಿ ಕಿಲೋಗೆ ಕನಿಷ್ಠ 28 ಮಿಲಿಗ್ರಾಂ ಕಬ್ಬಿಣ ಇರಬೇಕು. ನಿಮ್ಮ ಮಗಳ 250 ಗ್ರಾಂ ಲೆಕ್ಕಕ್ಕೆ ಅದು 7 ಮಿಲಿಗ್ರಾಂ. ಅಂಗಡಿಯ ಬಿಳೀ ಅಕ್ಕಿಯಲ್ಲಿ ಸಿಗುವುದು 1.6 ಅಂತ ಆಗಲೇ ಹೇಳಿದೆ.

ಆದರೆ ಈ ಕಾಳು ರಕ್ತಹೀನತೆ ವಾಸಿ ಮಾಡುತ್ತದೆ ಅಂತ ನಾನು ಹೇಳಲಾರೆ. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟು ಮಾಡಿ ನೋಡಿದ 2019ರ ಒಂದು ಪರಾಮರ್ಶೆಯಲ್ಲಿ, ಇಂಥ ಅಕ್ಕಿಯಿಂದ ರಕ್ತಹೀನತೆ ಅಷ್ಟೇನೂ ಇಳಿದಂತೆ ಕಾಣಲಿಲ್ಲ. ನಮ್ಮ ದೇಶದ ತಜ್ಞರಲ್ಲೂ ಇದರ ಬಗ್ಗೆ ಎರಡು ಅಭಿಪ್ರಾಯ ಇದೆ. ತಿಂದರೆ ಸ್ವಲ್ಪ ಲಾಭ, ಬಿಟ್ಟರೆ ಲಾಭ ಇಲ್ಲ, ಭಯಪಡಲು ಕಾರಣ ಇಲ್ಲ. ನನ್ನ ಅಭಿಪ್ರಾಯ ಅಷ್ಟೇ. ಮನೆಯಲ್ಲಿ ಯಾರಿಗಾದರೂ ಥಲಸ್ಸೇಮಿಯಾ (ಹುಟ್ಟಿನಿಂದಲೇ ಬರುವ ಒಂದು ರಕ್ತದ ಕಾಯಿಲೆ) ಇದ್ದು ಪದೇಪದೇ ರಕ್ತ ಹಾಕಿಸಿಕೊಳ್ಳುತ್ತಿದ್ದರೆ ಮಾತ್ರ ವೈದ್ಯರನ್ನು ಕೇಳಿ ತಿನ್ನಿ. ಅಂಥವರ ಮೈಯಲ್ಲಿ ಕಬ್ಬಿಣ ಈಗಾಗಲೇ ಜಾಸ್ತಿ ಸೇರಿರುತ್ತದೆ.

ನಿಮ್ಮ ಅತ್ತೆಯವರ ಹೈಬ್ರಿಡ್ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ ಮತ್ತು ಪಶ್ಚಿಮ ಬಂಗಾಳದ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಳೆಯ ಮತ್ತು ಹೊಸ ತಳಿಗಳನ್ನು ಹೋಲಿಸಿ ನೋಡಿದರು. 1960ರ ದಶಕದ ಭತ್ತದ ತಳಿಗಳಲ್ಲಿ ಕಿಲೋಗೆ ಸುಮಾರು 27 ಮಿಲಿಗ್ರಾಂ ಸತು ಇದ್ದರೆ, 2000ದ ದಶಕದ ತಳಿಗಳಲ್ಲಿ ಸುಮಾರು 21. ಇಳುವರಿಯನ್ನೇ ನೋಡಿ ತಳಿ ಆರಿಸುತ್ತಾ ಬಂದಾಗ ಕಾಳಿನ ಸತ್ವ ಹಿಂದೆ ಬಿತ್ತು. ಈಗ ಅದನ್ನು ತಿದ್ದುವ ಕೆಲಸವೂ ನಡೆದಿದೆ. ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆಯ ಡಿಆರ್‌ಆರ್ ಧನ್ 45 ಸತು ಜಾಸ್ತಿ ಇರುವ ತಳಿ, ಕಟಕ್‌ನ ಸಿಆರ್ ಧನ್ 310 ಪ್ರೋಟೀನು ಜಾಸ್ತಿ ಇರುವ ತಳಿ. ಹಾಗಂತ ಹೊಸದೆಲ್ಲ ಕೆಟ್ಟದ್ದಲ್ಲ. ಅತ್ತೆಯವರು ಹೊಗಳುವ ರಾಗಿಯಲ್ಲೂ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಕೂಡಿಸಿ ಮಾಡಿದ ಇಂಡಾಫ್ ತಳಿಗಳ ಪಾಲು ದೊಡ್ಡದು. ಅವು ಬರದಿದ್ದರೆ ಎಷ್ಟೋ ಮನೆಯ ಕಣಜ ತುಂಬುತ್ತಿರಲಿಲ್ಲ.

ರಾಗಿಯ ಗುಣ ಎಷ್ಟು, ಎಲ್ಲಿಯವರೆಗೆ

ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಮೆಕ್ಕೆಜೋಳ ಇವೆಲ್ಲ ಭತ್ತ, ಗೋಧಿಗಿಂತ ಬೇರೆ ಗುಂಪಿನ ಗಿಡಗಳು. ಇವುಗಳ ಎಲೆಯೊಳಗೇ ಇಂಗಾಲದ ಡೈಆಕ್ಸೈಡನ್ನು ಒಟ್ಟುಗೂಡಿಸಿಕೊಳ್ಳುವ ವ್ಯವಸ್ಥೆ ಇದೆ. ಹೊರಗಿನ ಗಾಳಿಯಲ್ಲಿ ಅದು ಜಾಸ್ತಿಯಾದರೂ ಇವುಗಳಿಗೆ ದೊಡ್ಡ ವ್ಯತ್ಯಾಸ ಆಗುವುದಿಲ್ಲ. ಆದ್ದರಿಂದ ಜೋಳ, ಮೆಕ್ಕೆಜೋಳದ ಮೇಲೆ ಇದೇ ಪ್ರಯೋಗ ಮಾಡಿದಾಗ ಭತ್ತ, ಗೋಧಿಯಷ್ಟು ಸತ್ವ ಇಳಿಯಲಿಲ್ಲ. ನೀರು ಕಡಿಮೆ ಸಾಕು, ಬಿಸಿಲೂ ತಡೆಯುತ್ತವೆ. ರಾಗಿಯ 100 ಗ್ರಾಂನಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಬೇರೆ ಯಾವ ಧಾನ್ಯವೂ ಅದರ ಹತ್ತಿರ ಬರುವುದಿಲ್ಲ. ನಿಮ್ಮ ಹೊಲದಲ್ಲಿ ರಾಗಿ ಇರುವುದು ನಿಮ್ಮ ಪುಣ್ಯ, ಬಿಡಬೇಡಿ.

ಆದರೆ ಮುದ್ದೆ ತಿಂದರೆ ಸಕ್ಕರೆ ಏರುವುದಿಲ್ಲ ಅನ್ನುವುದು ತಪ್ಪು. ಅಕ್ಕಿಯ 100 ಗ್ರಾಂನಲ್ಲಿ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟ್ ಇದ್ದರೆ ರಾಗಿಯಲ್ಲಿ 67. ನಾರು ಜಾಸ್ತಿ ಇದೆ, ಅದು ಒಳ್ಳೆಯದು. ಆದರೆ ನುಣ್ಣನೆ ಹಿಟ್ಟು ಮಾಡಿ, ಎರಡು ದೊಡ್ಡ ಮುದ್ದೆ, ಮೇಲೆ ತಿಳಿ ಸಾರು ಅಂದರೆ ಸಕ್ಕರೆ ಏರಿಯೇ ಏರುತ್ತದೆ. ಅತ್ತೆಯವರಿಗೆ ಒಂದೇ ಮುದ್ದೆ, ಸಣ್ಣದು, ಜೊತೆಗೆ ಹುರುಳಿ ಅಥವಾ ಅವರೆಕಾಳಿನ ಗಟ್ಟಿ ಸಾರು, ಒಂದು ಬಟ್ಟಲು ಸೊಪ್ಪಿನ ಪಲ್ಯ. ಮಾತ್ರೆ ನಿಲ್ಲಿಸಬೇಡಿ. ಆ ಕಿಟ್ ಮಾರುವವರು ನಾಳೆ ಅತ್ತೆಯವರ ಕಾಲಿಗೆ ಗಾಯವಾಗಿ ಮಾಯದಿದ್ದರೆ ನಿಮ್ಮ ಜೊತೆ ಆಸ್ಪತ್ರೆಗೆ ಬರುವುದಿಲ್ಲ. ಆ 4,500 ರೂಪಾಯಿಗೆ ಏನು ಕೊಳ್ಳಬಹುದು ಅಂತ ಮುಂದೆ ಹೇಳುತ್ತೇನೆ.

ಇನ್ನೊಂದು. ರಾಗಿಯಲ್ಲಿ ಕಬ್ಬಿಣ ಇದ್ದರೂ ಅದರಲ್ಲೇ ಇರುವ ಫೈಟೇಟ್, ಟ್ಯಾನಿನ್ ಅನ್ನುವ ಅಂಶಗಳು ಆ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೈಗೆ ಸೇರುವುದು ಸ್ವಲ್ಪವೇ. ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಹಿಟ್ಟು ಮಾಡಿಸಿದರೆ ಫೈಟೇಟ್ ಇಳಿಯುತ್ತದೆ. ನಮ್ಮ ಹಿರಿಯರು ಮಗುವಿಗೆ ರಾಗಿ ಸರಿ ಮಾಡುತ್ತಿದ್ದದ್ದೇ ಹಾಗೆ.

ನನಗೆ ನಿಜವಾಗಿ ಭಯ ಇರುವುದು ಎಲ್ಲಿ

ಹಳ್ಳಿಗಳಲ್ಲಿ ಊಟದ ಲೆಕ್ಕ ತೆಗೆದುಕೊಳ್ಳುವುದು ನನ್ನ ಕೆಲಸದ ಭಾಗ. ನಿನ್ನೆ ಬೆಳಗ್ಗೆಯಿಂದ ರಾತ್ರಿಯವರೆಗೆ ಏನೇನು ತಿಂದ್ರಿ ಅಂತ ಕೇಳಿ, ಸೌಟು, ಬಟ್ಟಲು ತೋರಿಸಿ ಅಳತೆ ಬರೆದುಕೊಳ್ಳುತ್ತೇವೆ. ಎಲ್ಲರೂ "ಅನ್ನ ಸಾರು" ಅನ್ನುತ್ತಾರೆ. ಬೇಳೆ ಎಷ್ಟು ಹಾಕಿದ್ರಿ ಅಂತ ಕೇಳಿದಾಗಲೇ ನಿಜ ಹೊರಬರುವುದು. ಐದು ಜನರ ಮನೆಗೆ ಒಂದು ಹಿಡಿ. ಬೇಳೆ ತುಟ್ಟಿಯಾದ ತಿಂಗಳಲ್ಲಿ ಅದೂ ಅರ್ಧ ಹಿಡಿ. ಕೊನೆಗೆ ಊಟಕ್ಕೆ ಕೂರುವ ಹೆಂಗಸರಿಗೆ ಅದಕ್ಕೇ ಇನ್ನೊಂದು ಲೋಟ ನೀರು. ಕಾರ್ಡಿನ ಅಕ್ಕಿ ತಿಂಗಳು ತಿಂಗಳು ಬರುತ್ತದೆ, ಅದರಿಂದ ಹೊಟ್ಟೆ ತುಂಬುತ್ತದೆ. ಪಕ್ಕದಲ್ಲಿರಬೇಕಾದದ್ದು ಒಂದೊಂದಾಗಿ ಮಾಯವಾಗುತ್ತದೆ.

ಹವಾಮಾನದ ಏಟು ನಮ್ಮ ತಟ್ಟೆಗೆ ಬೀಳುವುದು ಮುಖ್ಯವಾಗಿ ಈ ದಾರಿಯಲ್ಲಿ. 2014 ಮತ್ತು 2015ರಲ್ಲಿ ಸಾಲಾಗಿ ಎರಡು ವರ್ಷ ಮುಂಗಾರು ಕೈಕೊಟ್ಟಿತು. 2015ರ ಅಕ್ಟೋಬರ್ ಹೊತ್ತಿಗೆ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. 2022-23ರಲ್ಲಿ ಕಲಬುರಗಿಯಲ್ಲಿ ಬೆಳೆದು ನಿಂತ ತೊಗರಿ ನೆಟೆ ರೋಗಕ್ಕೆ ಒಣಗಿತು. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿದ್ದು ನಿಮಗೆ ನೆನಪಿರಬಹುದು. ಅದೇ ವರ್ಷ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾದವು. ಕರಾವಳಿಯ ಬಡವರ ಮೀನು ಬೂತಾಯಿಯ ಕಥೆಯೂ ಹೀಗೇ. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಈ ಮೀನು 2021ರಲ್ಲಿ 3,500 ಟನ್ನಿಗೂ ಕಡಿಮೆಯಾಯಿತು. ಸಮುದ್ರದ ಬಿಸಿ, ಎಲ್ ನಿನೊ (ಕೆಲವು ವರ್ಷಕ್ಕೊಮ್ಮೆ ಪೆಸಿಫಿಕ್ ಸಾಗರ ಬಿಸಿಯೇರಿ ಹವೆ ಏರುಪೇರಾಗುವುದು), ಮರಿಮೀನನ್ನೂ ಬಿಡದೆ ಹಿಡಿಯುವುದು, ಎಲ್ಲ ಸೇರಿ ಆದದ್ದು ಅದು.

ಒಂದು ದೇಶದ ಬೆಳೆ ಕೈಕೊಟ್ಟರೆ ಇನ್ನೊಂದು ದೇಶದ ಅಡುಗೆಮನೆಗೂ ತಟ್ಟುತ್ತದೆ. 2022ರ ಮಾರ್ಚ್ ಬಿಸಿಲಿಗೆ ನಮ್ಮ ಉತ್ತರದ ಗೋಧಿ ಸೊರಗಿತು. ಮೇ ತಿಂಗಳಲ್ಲಿ ಸರ್ಕಾರ ಗೋಧಿ ರಫ್ತು ನಿಲ್ಲಿಸಿತು. 2023ರ ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನೂ ನಿಲ್ಲಿಸಿತು. ನಮ್ಮ ಅಕ್ಕಿಯನ್ನೇ ನಂಬಿದ್ದ ಆಫ್ರಿಕಾದ ದೇಶಗಳಲ್ಲಿ ಅದರ ಬಿಸಿ ತಟ್ಟಿತು. ಬೆಲೆ ಏರಿದಾಗ ಯಾವ ದೇಶದ ಬಡವರಾದರೂ ಮಾಡುವುದು ಒಂದೇ. ಅಗ್ಗದ ಧಾನ್ಯ ಉಳಿಸಿಕೊಂಡು ಕಾಳು, ಹಣ್ಣು, ಮೊಟ್ಟೆ, ಮೀನು ಬಿಡುತ್ತಾರೆ. ಕೆಡದೆ ಉಳಿಯುವ ಬಿಸ್ಕತ್ತು, ಕುರುಕಲು ಆ ಜಾಗಕ್ಕೆ ಬರುತ್ತವೆ. ಒಂದೇ ಮನೆಯಲ್ಲಿ ಮೊಮ್ಮಗಳಿಗೆ ರಕ್ತಹೀನತೆ, ಅಜ್ಜಿಗೆ ಸಕ್ಕರೆ ಕಾಯಿಲೆ ಇರುವುದು ವಿಚಿತ್ರವೇನಲ್ಲ. ಎರಡೂ ಧಾನ್ಯವೇ ತುಂಬಿದ ತಟ್ಟೆಯ ಮಕ್ಕಳು. ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ಶೇ. 45 ಮೀರಬಾರದು ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೇಳಿದೆ. ನಮ್ಮಲ್ಲಿ ಅದು 50ರಿಂದ 70.

ಆದ್ದರಿಂದ ನನ್ನ ಸಲಹೆ ಇಷ್ಟು. ಅಕ್ಕಿ ಯಾವುದು ಅಂತ ಮನೆಯಲ್ಲಿ ಜಗಳ ಮಾಡಬೇಡಿ. ಕಾರ್ಡಿನ ಅಕ್ಕಿಯನ್ನೇ ತಿನ್ನಿ. ಅಂಗಡಿ ಅಕ್ಕಿಗೆ ಹೋಗುತ್ತಿದ್ದ ದುಡ್ಡು, ಆ ಕಿಟ್ಟಿನ ದುಡ್ಡು ಎರಡನ್ನೂ ಕಾಳಿಗೆ, ಮೊಟ್ಟೆಗೆ ಹಾಕಿ. ಬೇಳೆ ಅಂದರೆ ತೊಗರಿಯೇ ಆಗಬೇಕಿಲ್ಲ. ಹುರುಳಿಯ 100 ಗ್ರಾಂನಲ್ಲಿ 8 ಮಿಲಿಗ್ರಾಂಗಿಂತ ಜಾಸ್ತಿ ಕಬ್ಬಿಣ, 20 ಗ್ರಾಂಗಿಂತ ಜಾಸ್ತಿ ಪ್ರೋಟೀನು ಇದೆ. ಒಂದೆರಡು ಮಳೆ ಬಿದ್ದರೂ ಬರುತ್ತದೆ. ನಿಮ್ಮ ಹೊಲದಲ್ಲಿ ರಾಗಿಯ ನಡುವೆ ಅವರೆ, ತೊಗರಿ, ಅಲಸಂದೆಯ ಅಕ್ಕಡಿ ಸಾಲು ಹಾಕುವ ಪದ್ಧತಿ ಬಿಟ್ಟಿದ್ದರೆ ಮತ್ತೆ ಹಾಕಿ. ಮಳೆ ತಪ್ಪಿ ಒಂದು ಹೋದರೆ ಇನ್ನೊಂದು ಕೈಗೆ ಬರುತ್ತದೆ. ಕಾಳಿನ ಬೆಳೆಗಳು ಬೇರಿನ ಗಂಟಿನಲ್ಲೇ ಸಾರಜನಕ ಹಿಡಿದುಕೊಳ್ಳುವುದರಿಂದ, ಇಂಗಾಲ ಏರಿದರೂ ಅವುಗಳ ಪ್ರೋಟೀನು ಅಷ್ಟಾಗಿ ಇಳಿಯುವುದಿಲ್ಲ. ಹಿತ್ತಿಲಲ್ಲಿ ಒಂದು ನುಗ್ಗೆ ಮರ, ಬಚ್ಚಲ ನೀರಿಗೆ ದಂಟು, ಹರಿವೆ ಇದ್ದರೆ ಸೊಪ್ಪಿಗೆ ಸಂತೆಯ ಬೆಲೆ ಕೇಳಬೇಕಿಲ್ಲ. ಫೋಲೇಟ್ ಬರುವುದೂ ಅಲ್ಲಿಂದಲೇ.

ಕಡಲೆಕಾಯಿಯ ಬೂಷ್ಟು

ಈಗ ಆ ಕಡಲೆಕಾಯಿಗೆ ಬರುತ್ತೇನೆ. ಕಾಯಿಯ ಮೇಲೆ ಹಸಿರು-ಹಳದಿ ಬಣ್ಣಕ್ಕೆ ಕಾಣುವ ಬೂಷ್ಟು ಹೆಚ್ಚಾಗಿ ಆಸ್ಪರ್ಜಿಲಸ್ ಅನ್ನುವ ಶಿಲೀಂಧ್ರದ ಜಾತಿಯದ್ದು. ಅದು ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ. ಇದಕ್ಕೆ ರುಚಿ ಇಲ್ಲ, ಬಣ್ಣ ಇಲ್ಲ. ಹುರಿದರೆ, ಕುದಿಸಿದರೆ ಸ್ವಲ್ಪ ಕಡಿಮೆಯಾಗಬಹುದು, ಪೂರ್ತಿ ಹೋಗುವುದಿಲ್ಲ. ದಿನವೂ ಸ್ವಲ್ಪ ಸ್ವಲ್ಪ ತಿಂದರೆ ವರ್ಷಗಳ ಮೇಲೆ ಯಕೃತ್ತಿನ ಕ್ಯಾನ್ಸರ್ ತರಬಲ್ಲದು. ಹೆಪಟೈಟಿಸ್ ಬಿ (ಯಕೃತ್ತಿಗೆ ತಗಲುವ ಒಂದು ಸೋಂಕು) ಇರುವವರಿಗೆ ಅಪಾಯ ಎಷ್ಟೋ ಪಟ್ಟು ಜಾಸ್ತಿ. ಒಮ್ಮೆಗೇ ತುಂಬ ಸೇರಿದರೆ ಕಾಮಾಲೆಯಾಗಿ ಜೀವವೇ ಹೋಗಬಹುದು. 1974ರಲ್ಲಿ ಗುಜರಾತ್-ರಾಜಸ್ಥಾನ ಗಡಿಯ ಆದಿವಾಸಿ ಹಳ್ಳಿಗಳಲ್ಲಿ, ಅಕಾಲ ಮಳೆಗೆ ನೆಂದ ಮೆಕ್ಕೆಜೋಳ ತಿಂದು ನೂರಕ್ಕೂ ಜಾಸ್ತಿ ಜನ ಸತ್ತರು. 2004ರಲ್ಲಿ ಕೀನ್ಯಾದಲ್ಲಿ 317 ಜನರಿಗೆ ಹೀಗಾಗಿ 125 ಜನ ಉಳಿಯಲಿಲ್ಲ.

ಹವಾಮಾನಕ್ಕೂ ಇದಕ್ಕೂ ನೇರ ನಂಟು ಇದೆ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಬಿಸಿಲು, ಒಣಹವೆ ಹೆಚ್ಚಾದರೆ ಗಿಡ ಸೋಲುತ್ತದೆ, ಸಿಪ್ಪೆ ಸೀಳುತ್ತದೆ, ಮಣ್ಣಿನ ಶಿಲೀಂಧ್ರ ಒಳಗೆ ಸೇರುತ್ತದೆ. ಕಿತ್ತ ಮೇಲೆ ಮಳೆ ಬಂದರೆ ಅದು ಹಬ್ಬುತ್ತದೆ. ಮೊದಲು ಬರ, ಆಮೇಲೆ ತಪ್ಪು ಹೊತ್ತಿನ ಮಳೆ ಅನ್ನುವ ಈ ಜೋಡಿ ನಿಮ್ಮ ಕಡೆ ಈಗ ಅಪರೂಪ ಅಲ್ಲ. ಮೊದಲು ಈ ಕಾಟ ಅಷ್ಟಾಗಿ ಇಲ್ಲದ ಯುರೋಪಿನಲ್ಲೂ ಶುರುವಾಗಿದೆ. 2012ರ ಬರದ ನಂತರ ಸರ್ಬಿಯಾದಲ್ಲಿ ಮೆಕ್ಕೆಜೋಳ ಕೆಟ್ಟು, ಅದನ್ನು ತಿಂದ ಹಸುಗಳ ಹಾಲಿನಲ್ಲೂ ವಿಷ ಬಂತು. ಹಸುವಿಗೂ ಹಾಕಬೇಡಿ ಅಂತ ಮೊದಲೇ ಹೇಳಿದ್ದು ಇದಕ್ಕೇ. ಗಾಣದ ಎಣ್ಣೆ ತೆಗೆಸಿದರೆ ವಿಷದ ಹೆಚ್ಚು ಪಾಲು ಹಿಂಡಿಗೆ ಹೋಗುತ್ತದೆ, ಸ್ವಲ್ಪ ಎಣ್ಣೆಯಲ್ಲೂ ಉಳಿಯುತ್ತದೆ.

ಮುಂದಿನ ಸಲ ಕಿತ್ತಾಗ ಗಿಡವನ್ನು ತಲೆಕೆಳಗು ಮಾಡಿ, ಕಾಯಿ ಮೇಲೆ ಬರುವಂತೆ ಸಾಲಿಗೆ ಹಾಕಿ ಒಣಗಿಸಿ. ಮಣ್ಣಿಗೆ ತಾಗದಿದ್ದರೆ ಅರ್ಧ ಗೆದ್ದಂತೆ. ಮೋಡ ಕಂಡರೆ ಟಾರ್ಪಾಲು ಕೈಗೆ ಸಿಗುವಂತಿರಲಿ. ಅಲ್ಲಾಡಿಸಿದರೆ ಕಾಳು ಗಲಗಲ ಅನ್ನುವವರೆಗೂ ಒಣಗಬೇಕು. ಮುರುಟಿದ, ಕಪ್ಪಾದ, ಸಿಪ್ಪೆ ಒಡೆದ ಕಾಯಿ ಆರಿಸಿ ತೆಗೆಯಿರಿ. ಗೋಣಿ ಚೀಲದಲ್ಲಿ ತುಂಬಿ, ಕೆಳಗೆ ಹಲಗೆ ಹಾಕಿ ಇಡಿ. ಯಂತ್ರದಲ್ಲಿ ಸುಲಿಯುವಾಗ ಕಾಳು ಒಡೆಯಬಾರದು ಅಂತ ಕಾಯಿಗೆ ನೀರು ಚಿಮುಕಿಸುವ ಅಭ್ಯಾಸ ಬಹಳ ಕಡೆ ಇದೆ, ದಯವಿಟ್ಟು ಮಾಡಬೇಡಿ. ಬೂಷ್ಟಿಗೆ ಅದಕ್ಕಿಂತ ಅನುಕೂಲ ಬೇರೆ ಇಲ್ಲ. ಹೂ ಬಿಡುವ ಹೊತ್ತಿಗೆ ಜಿಪ್ಸಂ ಹಾಕಿದರೆ ಸಿಪ್ಪೆ ಗಟ್ಟಿಯಾಗುತ್ತದೆ. ಪ್ರಮಾಣವನ್ನು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಹಾಳಾದ ಕಾಯಿ ಎಸೆಯಲು ಹೊಟ್ಟೆ ಉರಿಯುತ್ತದೆ, ಗೊತ್ತು, ಅದು ನಿಮ್ಮ ಬೆವರು. ಆದರೂ ಹೂತುಬಿಡಿ. ಒಳ್ಳೆಯದನ್ನು ಮಾರಿ ಕೆಟ್ಟದ್ದನ್ನು ಮನೆಗೆ ಇಟ್ಟುಕೊಳ್ಳುವ ಪದ್ಧತಿ ರೈತರ ಮನೆಗಳಲ್ಲಿ ಎಲ್ಲೆಲ್ಲೂ ಇದೆ. ಈ ಒಂದು ಬೆಳೆಯಲ್ಲಿ ಅದನ್ನು ತಿರುಗಿಸಿ, ಮನೆಗೆ ಬೇಕಾದಷ್ಟು ಒಳ್ಳೆ ಕಾಯಿ ಮೊದಲು ತೆಗೆದಿಡಿ.

ಮಗಳಿಗೆ ಈಗ ಏನು ಮಾಡಬೇಕು

9.6 ಅಂದರೆ ಮಧ್ಯಮ ಮಟ್ಟದ ರಕ್ತಹೀನತೆ. ಅವಳ ವಯಸ್ಸಿಗೆ 12 ಇರಬೇಕು. ಇದನ್ನು ಸೊಪ್ಪು, ಬೀಟ್‌ರೂಟು, ಖರ್ಜೂರದಿಂದ ಮಾತ್ರ ಸರಿಮಾಡಲು ಆಗುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆ ರಕ್ತ ಕಡಿಮೆಯಾಗದಂತೆ ತಡೆಯಲು. ಈಗಾಗಲೇ ಕಡಿಮೆಯಾದವಳಿಗೆ ದಿನವೂ ಬೇಕು, ಸಾಮಾನ್ಯವಾಗಿ ಮೂರು ತಿಂಗಳು. ಎಷ್ಟು ಅನ್ನುವುದನ್ನು ವೈದ್ಯರೇ ಹೇಳಲಿ. ಮಲ ಕಪ್ಪಗಾಗುತ್ತದೆ, ಹೊಟ್ಟೆ ತೊಳಸಬಹುದು, ಹೆದರಿ ಬಿಡುವುದು ಬೇಡ. ಊಟ ಆದಮೇಲೆ ಕೊಡಿ. ಜಂತುಹುಳದ ಮಾತ್ರೆ ವರ್ಷಕ್ಕೆ ಎರಡು ಸಲ ತಪ್ಪಿಸಬೇಡಿ. ಮುಟ್ಟಿನಲ್ಲಿ ಏಳು ದಿನಕ್ಕಿಂತ ಜಾಸ್ತಿ ಹೋಗುತ್ತದೆಯಾ, ಬಟ್ಟೆ ಪದೇಪದೇ ಬದಲಿಸಬೇಕಾಗುತ್ತದೆಯಾ ಅಂತ ಅವಳನ್ನು ಮೆಲ್ಲಗೆ ಕೇಳಿ, ವೈದ್ಯರಿಗೂ ಹೇಳಿ. ಎಷ್ಟೋ ಹುಡುಗಿಯರಲ್ಲಿ ಕಾರಣ ಅಲ್ಲೇ ಇರುತ್ತದೆ, ಯಾರೂ ಕೇಳಿರುವುದಿಲ್ಲ.

ಊಟದ ಜೊತೆ, ಊಟವಾದ ತಕ್ಷಣ ಟೀ ಬೇಡ. ಒಂದು ಗಂಟೆ ಬಿಡಲಿ. ಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ, ಇಲ್ಲವಾದರೆ ಒಂದು ಸೀಬೆಹಣ್ಣು ಕೊಡಿ, ಕಬ್ಬಿಣ ಮೈಗೆ ಸೇರುವುದು ಜಾಸ್ತಿಯಾಗುತ್ತದೆ. 2024ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಹತ್ತನೇ ತರಗತಿಯವರೆಗೆ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಏರ್ಪಾಡಾಯಿತು. ಮನೆಯಲ್ಲಿ ಅಭ್ಯಂತರ ಇಲ್ಲದಿದ್ದರೆ ಅವಳು ಅದನ್ನು ಬಿಡದೆ ತಿನ್ನಲಿ. ಪಕ್ಕದವಳು ತಿನ್ನಲ್ಲ ಅಂತ ನಾಚಿಕೆಗೆ ಬಿಡುವ ಹುಡುಗಿಯರು ಇರುತ್ತಾರೆ, ಒಮ್ಮೆ ವಿಚಾರಿಸಿ. ಮನೆಯಲ್ಲಿ ಸಾರು ಬಡಿಸುವಾಗ ಅವಳಿಗೂ ನಿಮಗೂ ಗಂಡಸರ ಜೊತೆಯಲ್ಲೇ ಬಡಿಸಿಕೊಳ್ಳಿ.

ಮಾತ್ರೆ ಶುರುವಾದ ಒಂದು ತಿಂಗಳಿಗೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಸುಮಾರು 1 ಗ್ರಾಂ ಏರಿರಬೇಕು. ಮಾತ್ರೆ ತಪ್ಪದೆ ನುಂಗಿಯೂ ಏರದಿದ್ದರೆ ಅದು ಕಬ್ಬಿಣದ ಕೊರತೆ ಮಾತ್ರ ಅಲ್ಲ. ಬಿ12 ಕೊರತೆಯೋ, ಥಲಸ್ಸೇಮಿಯಾದ ವಾಹಕ ಗುಣವೋ ಇರಬಹುದು. ಆಗ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಬರೆಸಿಕೊಂಡು ಹೋಗಿ ಮುಂದಿನ ಪರೀಕ್ಷೆ ಮಾಡಿಸಿ. ಏರಿದ್ದರೆ ಮೂರು ತಿಂಗಳು ಪೂರ್ತಿ ಮುಗಿಸಿ, ಆಮೇಲೆ ಶಾಲೆಯ ವಾರದ ಮಾತ್ರೆಗೆ ಬನ್ನಿ. ಎರಡನೇ ಪರೀಕ್ಷೆಯ ಅಂಕಿ ಬಂದಮೇಲೆ ನನಗೆ ಬರೆಯಿರಿ.